ಪಕ್ಕದ ಎಲೆಗೆ ಕೂತವನು

ಮೊನ್ನೆ ಫೋನಿನಲ್ಲಿ ನಿನ್ನ ರೂಮ್‌ಮೇಟ್‌ನನ್ನು ‘ಪ್ಯಾರಸೈಟ್’ ಅಂದೆಯಲ್ಲ ಮರಿ, ಆ ಮಾತು ನನ್ನ ಕಿವಿಯಲ್ಲೇ ಉಳಿದಿದೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡೋಲ್ಲ, ಹಾಲಿನ ದುಡ್ಡಿಗೆ ಮೂರು ಸಲ ಕೇಳಬೇಕು, ಕುಕ್ಕರ್ ತೊಳೆಯೋ ಹೊತ್ತಿಗೆ ಆಫೀಸಿನ ಕಾಲ್ ಬರುತ್ತೆ, ಅನ್ನ ಬೆಂದ ಹೊತ್ತಿಗೆ ಸರಿಯಾಗಿ ಆ ಕಾಲ್ ಮುಗಿಯುತ್ತೆ. ದೂರು ನಿಜವೇ ಇರಬಹುದು. ನಾನೇನು ಅವನ ವಕೀಲನಲ್ಲ. ಆದರೆ ಬದುಕಿಡೀ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವನ ಮುಂದೆ ಇಂಗ್ಲಿಷಿನಲ್ಲಿ ಬೈದರೆ ಒಂದಿಷ್ಟು ಪಾಠ ಕೇಳಬೇಕಾಗುತ್ತೆ. ಕೂತ್ಕೋ. ಆ ಮೊಬೈಲ್ ಆಚೆ ಇಡು.

ಪ್ಯಾರಸೈಟ್ ಅಂದ ಕೂಡಲೇ ನಿನಗೆ ನೆನಪಾಗೋದು ಆ ಕೊರಿಯಾದ ಸಿನಿಮಾ. ನಾನೂ ನೋಡಿದ್ದೇನೆ, ಹುಬ್ಬೇರಿಸಬೇಡ. ಬಾಂಗ್ ಜೂನ್ ಹೋ 2019ರಲ್ಲಿ ಮಾಡಿದ್ದು. ಇಂಗ್ಲಿಷ್ ಅಲ್ಲದ ಭಾಷೆಯ ಸಿನಿಮಾಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಸಿಕ್ಕಿದ್ದು ಅದೇ ಮೊದಲು, 2020ರಲ್ಲಿ. ಅರ್ಧ ನೆಲದೊಳಗೆ ಹೂತ ಮನೆಯಲ್ಲಿರೋ ಬಡವರು ಒಬ್ಬೊಬ್ಬರಾಗಿ ಸಾಹುಕಾರರ ಬಂಗಲೆ ಸೇರ್ಕೊಳ್ಳೋ ಕಥೆ. ನಿಮ್ಮಜ್ಜಿ ಅವರೆಕಾಳು ಸುಲೀತಾ ನೋಡ್ತಿದ್ದವಳು ಅರ್ಧಕ್ಕೇ ಕೇಳಿದಳು: “ಆ ಬಂಗಲೆಯಮ್ಮನಿಗೆ ಅಡುಗೆ ಬರಲ್ಲ, ಯಜಮಾನನಿಗೆ ಕಾರು ಓಡಿಸೋಕೆ ಒಬ್ಬ ಬೇಕು, ಮಗೂನ ಸಂಭಾಳಿಸೋಕೆ ಒಬ್ಬಳು ಬೇಕು. ಇಲ್ಲಿ ಯಾರು ಯಾರನ್ನ ನೆಚ್ಚಿಕೊಂಡು ಬದುಕ್ತಿದ್ದಾರೆ ಅಂತ ಮೊದಲು ಹೇಳಿ.” ವಿಮರ್ಶಕರು ಪುಟಗಟ್ಟಲೆ ಬರೆದದ್ದನ್ನ ಅವಳು ಸಿಪ್ಪೆ ಪಕ್ಕಕ್ಕೆ ತಳ್ಳುತ್ತಾ ಹೇಳಿ ಮುಗಿಸಿದಳು.

ಈಗ ಪದಕ್ಕೆ ಬಾ. ಇಂಗ್ಲಿಷಿಗೆ ಇದು ಬಂದದ್ದು 16ನೇ ಶತಮಾನದಲ್ಲಿ. ಹುಟ್ಟೂರು ಗ್ರೀಸ್. ಅಲ್ಲಿ ‘ಪರಾಸಿಟೋಸ್’ ಅಂತಿದ್ದರು. ‘ಪರಾ’ ಅಂದರೆ ಪಕ್ಕದಲ್ಲಿ, ‘ಸಿಟೋಸ್’ ಅಂದರೆ ಧಾನ್ಯ, ಊಟ. ಪಕ್ಕದಲ್ಲಿ ಕೂತು ಉಣ್ಣುವವನು, ಅಷ್ಟೆ. ಮೊದಲಿಗೆ ಅದು ಬೈಗುಳವೇ ಆಗಿರಲಿಲ್ಲ, ಗುಡಿಯ ಒಂದು ಮರ್ಯಾದೆಯ ಹುದ್ದೆ. ದೇವರ ಪಾಲಿನ ಧಾನ್ಯ ಆರಿಸಿ ಒಟ್ಟುಮಾಡೋದು, ಪೂಜೆಯ ದಿನ ಪೂಜಾರಿಯ ಜೊತೆ ಕೂತು ಊಟ ಮಾಡೋದು ಅವನ ಕೆಲಸ. ಕ್ರಿ.ಶ. 200ರ ಸುಮಾರಿಗೆ ಅಥೀನಿಯಸ್ ಅಂತೊಬ್ಬ ಊಟದ ಪಂಕ್ತಿಯಲ್ಲಿ ಕೂತವರ ಹರಟೆಯನ್ನೇ 15 ಭಾಗದ ಪುಸ್ತಕ ಮಾಡಿದ. ಅದರ ಆರನೇ ಭಾಗದಲ್ಲಿ ಇದೆಲ್ಲ ಇದೆ. ಅಥೆನ್ಸಿನ ಗೋಡೆಯಾಚೆ ಸೈನೋಸಾರ್ಜಿಸ್ ಅನ್ನೋ ಕಡೆ ಹೆರಾಕ್ಲೀಸನ ಗುಡಿ ಇತ್ತು. ಅಲ್ಲೊಂದು ಕಲ್ಲಿನ ಶಾಸನ, ಮಂಡಿಸಿದವನು ಆಲ್ಸಿಬಯಾಡಿಸ್. ಪ್ರತಿ ತಿಂಗಳ ಬಲಿಯನ್ನು ಪೂಜಾರಿ ಈ ಪರಾಸಿಟೋಸರ ಜೊತೆ ಸೇರಿ ಕೊಡಬೇಕು ಅಂತ ಅದರಲ್ಲಿತ್ತು. ಆರಿಸಿದವನು ಬರಲ್ಲ ಅಂತ ಹಟ ಹಿಡಿದರೆ? ನ್ಯಾಯಾಲಯಕ್ಕೆ ಎಳೆಯೋದು! ಪ್ಯಾರಸೈಟ್ ಆಗಲ್ಲ ಅಂದವನ ಮೇಲೆ ಕೇಸು ಹಾಕ್ತಿದ್ದ ಊರು ಅದು ಕಣೋ.

ಅಥೆನ್ಸಿಗೆ ಕಾನೂನು ಮಾಡಿಕೊಟ್ಟ ಸೋಲನ್ ಇನ್ನೂ ಹಿಂದಿನವನು, ಕ್ರಿಸ್ತನಿಗಿಂತ ಆರು ಶತಮಾನ ಮುಂಚೆ. ಪ್ರಿಟೇನಿಯನ್ ಅಂತ ಊರಿನ ಖರ್ಚಿನಲ್ಲಿ ಊಟ ಹಾಕೋ ಒಂದು ಸಭಾಭವನ ಇತ್ತು. ಆ ಊಟಕ್ಕೂ ಸೋಲನ್ ಬಳಸಿದ್ದು ಇದೇ ಪದ. ಅವನ ಕಟ್ಟಳೆಯನ್ನ ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ಒಬ್ಬನೇ ಮತ್ತೆ ಮತ್ತೆ ಬಂದು ಉಣ್ಣಕೂಡದು. ಸರದಿ ಬಂದವನು ಬರದೇ ತಪ್ಪಿಸಿಕೊಂಡರೆ ಅವನಿಗೂ ದಂಡ. ಮೊದಲನೆಯದು ಆಸೆಬುರುಕತನ, ಎರಡನೆಯದು ಊರನ್ನೇ ಕಡೆಗಣಿಸೋದು ಅಂತ ಅವನ ಲೆಕ್ಕ. (ಸಾಕ್ರಟೀಸ್ ಗೊತ್ತಲ್ಲ, ವಿಚಾರಣೆಯಲ್ಲಿ ‘ನಿನಗೇನು ಶಿಕ್ಷೆ ಕೊಡಬೇಕು ನೀನೇ ಹೇಳು’ ಅಂದಾಗ ಅವನು ಕೇಳಿದ್ದು ಇದೇ ಭವನದ ಪುಕ್ಕಟೆ ಊಟವನ್ನ. ವಿಷ ಕೊಟ್ಟರು. ತಮಾಷೆ ಯಾರ ಮುಂದೆ ಮಾಡ್ತಿದ್ದೀವಿ ಅಂತ ನೋಡ್ಕೋಬೇಕು.)

ಸೋಲನ್ನನ ಮೊದಲ ಕಟ್ಟಳೆ ಓದಿದಾಗೆಲ್ಲ ನನಗೆ ನಿನ್ನ ಮುತ್ತಜ್ಜ, ಅಂದರೆ ನಮ್ಮಪ್ಪ, ನೆನಪಾಗ್ತಾರೆ. ಅವರು ವಾರಾನ್ನ ಉಂಡು ಓದಿದವರು. ನಿನಗೆ ಆ ಪದವೇ ಗೊತ್ತಿರಲಿಕ್ಕಿಲ್ಲ. ಹಳ್ಳಿಯಿಂದ ಹೈಸ್ಕೂಲಿಗೆ ಅಂತ ಪೇಟೆಗೆ ಬಂದ ಬಡ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳೋದು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಯಾವ ಮನೆಗೂ ವಾರಕ್ಕೆ ಒಂದು ದಿನದ ಮೇಲೆ ಭಾರ ಇಲ್ಲ. ಅಪ್ಪ ಬುಧವಾರದ ಮನೆಯ ಹುಳಿಯನ್ನ ಸಾಯೋತನಕ ಹೊಗಳಿದರು. ಗುರುವಾರದ ಮನೆಯಲ್ಲಿ ಹಿಂದಿನ ರಾತ್ರಿಯ ಅನ್ನಕ್ಕೆ ನೀರುಮಜ್ಜಿಗೆ. ಅದನ್ನೂ ಹೇಳೋರು, ಆದರೆ ಮನೆಯವರ ಹೆಸರು ಹೇಳ್ತಿರಲಿಲ್ಲ. ಯಾವುದೋ ಮನೆಯಲ್ಲಿ ಸೂತಕ ಬಂದರೆ ‘ಇವತ್ತು ನಂಗೆ ಏಕಾದಶಿ’ ಅಂತ ನಕ್ಕು ನೀರು ಕುಡಿದು ಮಲಗೋದು. ಒಂದು ಮನೆಗೆ ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸೋರು, ಇನ್ನೊಂದು ಮನೆಯ ಹುಡುಗನಿಗೆ ಮಗ್ಗಿ ಬಾಯಿಪಾಠ ಮಾಡಿಸೋರು. ಮಾಡು ಅಂತ ಯಾರೂ ಹೇಳಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಅದನ್ನೇನೂ ಬಲು ಚೆಂದದ ಕಾಲ ಅಂತ ನಾನು ಹೊಗಳ್ತಿಲ್ಲ. ಜಾತಿ ಕೇಳಿಯೇ ಎಲೆ ಹಾಕ್ತಿದ್ದರು. ಅಪ್ಪನಷ್ಟೇ ಬಡವ, ಅಪ್ಪನಿಗಿಂತ ಜಾಣ ಎಷ್ಟು ಹುಡುಗರು ಆ ಏಳು ಬಾಗಿಲಲ್ಲಿ ಒಂದನ್ನೂ ದಾಟಲಿಲ್ಲವೋ. ಹಾಸ್ಟೆಲುಗಳು ಬಂದದ್ದು ಒಳ್ಳೆಯದೇ ಆಯ್ತು. ಆದರೆ ಏಳು ಮನೆ ಅನ್ನೋ ಆ ಲೆಕ್ಕ ಇದೆಯಲ್ಲ, ಅದರಲ್ಲಿ ಬುದ್ಧಿ ಇದೆ.

ಎರಡನೇ ಕಟ್ಟಳೆ ನಿನಗೇ ಬರೆದ ಹಾಗಿದೆ. ಬರದವನ ತಪ್ಪು. ‘ನಂಗೆ ಯಾರ ಹಂಗೂ ಬೇಡ ತಾತ’ ಅನ್ನೋದು ನಿನ್ನ ಬಾಯಲ್ಲಿ ಉರು ಹೊಡೆದ ಮಾತಾಗಿಬಿಟ್ಟಿದೆ. ಜ್ವರ ಬಂದು ಮೂರು ದಿನ ಮಲಗಿದ್ದಾಗ ಕೆಳಗಿನ ಮನೆಯವರು ಗಂಜಿ ಕಳಿಸ್ತೀವಿ ಅಂದರೆ ಬೇಡ ಅಂದು, ಆಪ್‌ನಲ್ಲಿ ಇಡ್ಲಿ ತರಿಸಿಕೊಂಡೆ. ಅವರ ಮಗನ ನಾಮಕರಣಕ್ಕೆ ಕರೆದರೆ ಹೋಗಲಿಲ್ಲ, ಗೂಗಲ್ ಪೇನಲ್ಲಿ ಐನೂರು ಹಾಕಿದೆ. ಸ್ವಾಭಿಮಾನ ಅಂದುಕೊಂಡಿದ್ದೀಯ. ನನಗೆ ಅದು ಜಂಬ ಅಂತ ಕಾಣುತ್ತೆ, ಬೇಜಾರು ಮಾಡ್ಕೋಬೇಡ. ಒಬ್ಬರ ಮನೆಯ ಗಂಜಿ ಕುಡಿದರೆ ನಾಳೆ ಅವರ ಮಗುವನ್ನ ಒಂದು ಗಳಿಗೆ ನೋಡ್ಕೋಬೇಕಾಗಬಹುದು. ಆ ತಾಪತ್ರಯ ನಿನಗೆ ಬೇಡ. ದುಡ್ಡು ಎಸೆದರೆ ಋಣ ಅಲ್ಲಿಗಲ್ಲಿಗೆ ಹರಿಯುತ್ತೆ. ಸೋಲನ್ ಇದ್ದಿದ್ದರೆ ನಿನಗೆ ದಂಡ ಹಾಕ್ತಿದ್ದ.

ಆಮೇಲೆ ಈ ಪದ ಕೆಟ್ಟಿದ್ದು ಹೇಗೆ ಅಂತೀಯ. ನಾಟಕದವರ ಕೈಗೆ ಸಿಕ್ಕಿತು. ಗುಡಿಯ ಕೆಲಸ ಬಿಟ್ಟುಹೋಯ್ತು, ಊಟ ಮಾತ್ರ ಉಳೀತು. ಗ್ರೀಕ್ ಹಾಸ್ಯನಾಟಕದಲ್ಲಿ ಪರಾಸಿಟೋಸ್ ಅಂದರೆ ಸಾಹುಕಾರನ ಹಿಂದೆ ಹಲ್ಲು ಗಿಂಜುತ್ತಾ ತಿರುಗೋ ಹೊಟ್ಟೆಬಾಕ. ರೋಮಿನ ಪ್ಲಾಟಸ್ ಅವನನ್ನ ಎತ್ತಿಕೊಂಡು ಮೆರೆಸಿದ. ಅವನ ಒಂದು ನಾಟಕದಲ್ಲಿ ಪೆನಿಕ್ಯುಲಸ್ ಅಂತ ಒಬ್ಬ ಬರ್ತಾನೆ. ಆ ಹೆಸರಿನ ಅರ್ಥ ಬ್ರಷ್ಷು. ಯಾಕೆ ಅಂದರೆ ಊಟಕ್ಕೆ ಕೂತರೆ ಮೇಜನ್ನ ಒರೆಸಿದ ಹಾಗೆ ಖಾಲಿ ಮಾಡ್ತಾನೆ. ಷೇಕ್ಸ್‌ಪಿಯರ್ ‘ಕಾಮಿಡಿ ಆಫ್ ಎರರ್ಸ್’ ಬರೆದದ್ದು ಇದೇ ನಾಟಕ ಇಟ್ಟುಕೊಂಡು. ಅವಳಿಗಳನ್ನ ಒಂದು ಜೊತೆಯಿಂದ ಎರಡು ಜೊತೆ ಮಾಡಿದ, ಈ ಬಡಪಾಯಿ ಪೆನಿಕ್ಯುಲಸ್‌ನನ್ನ ಮಾತ್ರ ಕೈಬಿಟ್ಟ. ಪ್ಲಾಟಸನದೇ ಇನ್ನೊಂದು ನಾಟಕದಲ್ಲಿ ಜೆಲಾಸಿಮಸ್ ಅಂತ ಒಬ್ಬನಿದ್ದಾನೆ. ಊಟಕ್ಕೆ ಕರೆಯೋರಿಲ್ಲದೆ ಹಸಿದು ಕಂಗಾಲಾಗಿ ತನ್ನ ನಗೆಚಾಟಿಕೆಗಳನ್ನೆಲ್ಲ ಹರಾಜಿಗೆ ಇಡ್ತಾನೆ. ಬೇಕಾದವರು ಒಂದು ಊಟ ಕೊಟ್ಟು ಒಯ್ಯಬಹುದು.

ನನಗೆ ಈ ಜೆಲಾಸಿಮಸ್ ಮೇಲೆ ಸ್ವಲ್ಪ ಕರುಣೆ. ಅವನು ಪುಕ್ಕಟೆ ತಿಂದವನೇನಲ್ಲ. ಬೆಳಗ್ಗೆ ಎದ್ದು ಹೊಸ ಜೋಕು ಹೊಸೆದು, ಅದನ್ನ ಉರುಹಚ್ಚಿ, ನಗದವನ ಮುಂದೆ ನಕ್ಕು ಹೊಟ್ಟೆ ಹೊರೀತಿದ್ದ. ಅದೂ ಒಂದು ದುಡಿಮೆಯೇ. ಲೂಸಿಯನ್ ಅನ್ನೋ ಕುಚೋದ್ಯಗಾರ ಮುಂದೆ ಒಂದು ಸಂಭಾಷಣೆಯನ್ನೇ ಬರೆದ, ಅದರಲ್ಲಿ ಇಂಥವನೊಬ್ಬ ‘ನನ್ನದು ತತ್ವಶಾಸ್ತ್ರಕ್ಕಿಂತ ಮೇಲಾದ ಕಲೆ’ ಅಂತ ವಾದ ಹೂಡ್ತಾನೆ. ನಿಮ್ಮ ಗುಂಪಿನಲ್ಲೂ ಒಬ್ಬ ಇರ್ತಾನೆ ನೋಡು, ಬಿಲ್ ಬಂದಾಗ ಕೈ ತೊಳೆಯೋಕೆ ಎದ್ದುಹೋಗ್ತಾನೆ, ಆದರೆ ಅವನಿಲ್ಲದ ದಿನ ಮೇಜೆಲ್ಲ ಬಿಕೋ ಅನ್ನುತ್ತೆ. ಅವನ ಲೆಕ್ಕ ಹಾಕುವಾಗ ಆ ನಗೂನೂ ಸೇರಿಸ್ಕೋ.

ವಿಜ್ಞಾನದವರು ಈ ಪದವನ್ನ ಊಟದ ಮನೆಯಿಂದ ಎತ್ತಿ ಕರುಳಿನೊಳಕ್ಕೆ, ಕೊಂಬೆಯ ಮೇಲಕ್ಕೆ ಒಯ್ದದ್ದು ಎಷ್ಟೋ ಕಾಲದ ಮೇಲೆ. ಬೆಲ್ಜಿಯಮ್ಮಿನ ವಾನ್ ಬೆನೆಡೆನ್ 1875ರಲ್ಲಿ ಒಂದು ಪುಸ್ತಕ ಬರೆದು, ಪ್ರಾಣಿಗಳಲ್ಲಿ ಇನ್ನೊಬ್ಬರ ಜೊತೆ ಇರೋದೆಲ್ಲ ಒಂದೇ ಥರ ಅಲ್ಲ ಅಂತ ತೋರಿಸಿದ. ಜೊತೆಗಿರುವವನನ್ನೇ ತಿಂದು ಬದುಕೋದು ಬೇರೆ, ಅವನ ಊಟದ ಪಕ್ಕದಲ್ಲಿ ಉಂಡು ಅವನಿಗೆ ನಷ್ಟ ಮಾಡದೇ ಇರೋದು ಬೇರೆ, ಇಬ್ಬರೂ ಒಬ್ಬರಿಗೊಬ್ಬರು ಆಗಿಬರೋದು ಬೇರೆ. ಎರಡನೆಯದಕ್ಕೆ ಅವನು ಇಟ್ಟ ಹೆಸರು ‘ಕಮೆನ್ಸಲ್’. ಅದರ ಅರ್ಥವೂ ಒಂದೇ ಮೇಜಿಗೆ ಕೂತವರು ಅಂತಲೇ. ಈ ಜನಕ್ಕೆ ಊಟದ ಮೇಜು ಬಿಟ್ಟು ಬೇರೆ ಉಪಮೆಯೇ ಹೊಳೀತಿರಲಿಲ್ಲವೇನೋ.

ನಮ್ಮ ಹಿತ್ತಲಿನ ಮಾವಿನ ಮರದಲ್ಲಿ ಬಂದಳಿಕೆ ಬಂದಿತ್ತಲ್ಲ, ನೀನು ಚಿಕ್ಕವನಿದ್ದಾಗ ‘ತಾತ, ಈ ಕೊಂಬೆ ಮಾತ್ರ ಎಷ್ಟು ಹಸಿರು’ ಅಂತ ತೋರಿಸ್ತಿದ್ದೆ. ಬಂದಳಿಕೆಯ ಹಣ್ಣಿನೊಳಗೆ ಅಂಟಂಟು. ಪುಟಾಣಿ ಬದನಿಕೆ ಹಕ್ಕಿ ತಿಂದು ಬೀಜವನ್ನ ಇನ್ನೊಂದು ಕೊಂಬೆಗೆ ಅಂಟಿಸಿ ಹೋಗುತ್ತೆ. ಬೀಜ ಮೊಳೆತು ತೊಗಟೆಯೊಳಕ್ಕೆ ಬೇರು ಇಳಿಸಿ ಮರದ ನೀರು, ಖನಿಜ ಎಳ್ಕೊಳ್ಳುತ್ತೆ. ಇಷ್ಟು ನಿನಗೆ ಸ್ಕೂಲಿನಲ್ಲೇ ಹೇಳಿರ್ತಾರೆ. ನಾನು ಹೇಳೋದು ಮುಂದಿನದು. ಬಂದಳಿಕೆ ಸೋಮಾರಿ ಅಲ್ಲ. ಅದಕ್ಕೂ ಹಸಿರೆಲೆ ಇದೆ, ಬಿಸಿಲು ಕುಡಿದು ತನ್ನ ಅಡುಗೆ ತಾನೇ ಮಾಡ್ಕೊಳ್ಳುತ್ತೆ. ಹೂವೂ ಬಿಡುತ್ತೆ, ಚೆನ್ನಾಗೇ ಇರುತ್ತೆ. ಬೇರು ಮಾತ್ರ ಇನ್ನೊಬ್ಬರದು. ಅದರಿಂದಾಚೆಗಿನ ಕೊಂಬೆ ಒಣಗ್ತಾ ಬಂದರೂ ನೋಡಿದವರ ಕಣ್ಣಿಗೆ ಬೀಳೋದು ಹಸಿರೇ. ನಿನ್ನ ಆಫೀಸಿನಲ್ಲಿ ಹುಡುಕಬೇಕಾದ್ದು ಕೂತು ಆಕಳಿಸೋ ದಂಡಪಿಂಡವನ್ನಲ್ಲ, ಅವನು ಎಲ್ಲರಿಗೂ ಕಾಣ್ತಾನೆ. ದಿನಾ ಹೊತ್ತಿಗೆ ಬಂದು, ಮೀಟಿಂಗಿನಲ್ಲಿ ಚೆನ್ನಾಗಿ ಮಾತಾಡಿ, ಯಾರೋ ರಾತ್ರಿ ಕೂತು ಮಾಡಿದ ಲೆಕ್ಕವನ್ನ ಬೆಳಗ್ಗೆ ತನ್ನ ಸ್ಲೈಡಿನಲ್ಲಿ ತೋರಿಸೋನು ಇರ್ತಾನೆ ನೋಡು. ಬಡ್ತಿಯೂ ಅವನಿಗೇ ಮೊದಲು. ಕನ್ನಡಿ ಮುಂದೆ ನಿಂತಾಗಲೂ ಇದು ಸ್ವಲ್ಪ ನೆನಪಿರಲಿ. ನೀನೂ ಚೆನ್ನಾಗಿಯೇ ಮಾತಾಡ್ತೀಯ.

ಈಗ ನನ್ನ ಎದೆಯೊಳಗಿರೋ ಒಂದು ವಿಷಯ ಹೇಳ್ತೀನಿ. ನಮ್ಮ ಮನೆಯಲ್ಲಿ ದೊಡ್ಡತ್ತೆ ಅಂತ ಇದ್ದರು, ಅಪ್ಪನ ಅಕ್ಕ. ಹದಿನಾರಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವರು. ನಸುಕಿಗೆ ಎದ್ದು ಬಚ್ಚಲೊಲೆ ಹಚ್ಚಿದರೆ ರಾತ್ರಿ ಒಲೆ ಸಾರಿಸಿ ಮಲಗೋತನಕ ಅವರು ಕೂತದ್ದನ್ನ ನಾನು ನೋಡಿಲ್ಲ. ಮಜ್ಜಿಗೆ ಕಡೆಯೋದು, ಬೀಸೋದು, ಬೇಸಿಗೆಯಲ್ಲಿ ಹಪ್ಪಳ ಒತ್ತಿ ಮಾಳಿಗೆಯ ಮೇಲೆ ಕಾಗೆ ಕಾಯೋದು, ಊರಿನ ಅರ್ಧ ಹೆಣ್ಣುಮಕ್ಕಳ ಬಾಣಂತನ. ನಮ್ಮನ್ನೆಲ್ಲ ಎರೆದು ಬೆಳೆಸಿದ ಕೈ ಅದು. ನೆಂಟರು ಬಂದಾಗ ಅವರನ್ನ ತೋರಿಸಿ ಹೇಳ್ತಿದ್ದ ಮಾತು: ‘ಪಾಪ, ತಮ್ಮ ಅನ್ನ ಹಾಕ್ತಿದ್ದಾನೆ.’ ಅದೇ ಮನೆಯ ಜಗುಲಿಯ ಮೇಲೆ ಚಿಕ್ಕಪ್ಪ ಬೆಳಗಿಂದ ಸಂಜೆಯ ತನಕ ಇಸ್ಪೀಟಾಡ್ತಿದ್ದರು. ಅವರಿಗೆ ಯಾರೂ ಅನ್ನ ಹಾಕ್ತಿದ್ದೀವಿ ಅಂದದ್ದಿಲ್ಲ. ಅವರು ಯಜಮಾನರು. ನೀರು ಬೇಕಾದರೆ ಕೂತಲ್ಲಿಂದಲೇ ಕೂಗೋರು, ದೊಡ್ಡತ್ತೆ ತಂದುಕೊಡೋರು.

‘ಬಿಟ್ಟಿ’ ಅಂತೀವಲ್ಲ, ಪುಕ್ಕಟೆ ಅನ್ನೋ ಅರ್ಥದಲ್ಲಿ? ನಮ್ಮ ಹಳೆಯ ಶಾಸನಗಳಲ್ಲಿ ಬಿಟ್ಟಿ ಅಂದರೆ ಕೂಲಿ ಕೊಡದೆ ಮಾಡಿಸ್ಕೊಳ್ಳೋ ಬಲವಂತದ ದುಡಿಮೆ, ಸಂಸ್ಕೃತದ ವಿಷ್ಟಿ. ದುಡಿದವನ ಬಿಟ್ಟಿ ಕಾಲಕ್ರಮದಲ್ಲಿ ತಿಂದವನ ಬಿಟ್ಟಿಯೂ ಆಯ್ತು. ದೊಡ್ಡತ್ತೆ ಮೊದಲನೆಯ ಬಿಟ್ಟಿ, ಚಿಕ್ಕಪ್ಪ ಎರಡನೆಯದು. ಊರಿನ ಬಾಯಿ ಇಬ್ಬರನ್ನೂ ಅದಲುಬದಲು ಮಾಡಿತ್ತು.

ಈ ಹಣೆಪಟ್ಟಿಯನ್ನ ಸರ್ಕಾರವೇ ಹಿಡ್ಕೊಂಡು ಹೊರಟದ್ದೂ ಉಂಟು. ಸೋವಿಯೆತ್ ರಷ್ಯಾದಲ್ಲಿ 1961ರಲ್ಲಿ ‘ಪರಾವಲಂಬಿ’ಗಳ ಮೇಲೆ ಕಾನೂನು ಬಂತು. ಸರ್ಕಾರ ಒಪ್ಪೋ ಕೆಲಸ ಇಲ್ಲದವನು ಸಮಾಜಕ್ಕೆ ಅಂಟಿದ ಹುಳ ಅಂತ. 1964ರಲ್ಲಿ ಲೆನಿನ್‌ಗ್ರಾಡಿನಲ್ಲಿ ಜೋಸೆಫ್ ಬ್ರಾಡ್‌ಸ್ಕಿ ಅನ್ನೋ 23ರ ಹುಡುಗನನ್ನ ಕಟಕಟೆಗೆ ನಿಲ್ಲಿಸಿದರು. ಏನು ಮಾಡ್ತೀಯ ಅಂದರೆ ಪದ್ಯ ಬರೀತೀನಿ, ಅನುವಾದ ಮಾಡ್ತೀನಿ ಅಂದ. ನಿನ್ನನ್ನ ಕವಿ ಅಂತ ಒಪ್ಪಿದ್ದು ಯಾರು ಅಂತ ನ್ಯಾಯಾಧೀಶೆ ಕೇಳಿದಳು. ಯಾರೂ ಇಲ್ಲ, ನನ್ನನ್ನ ಮನುಷ್ಯ ಅಂತ ಒಪ್ಪಿದ್ದಾದರೂ ಯಾರು ಅಂತ ಅವನು ತಿರುಗಿ ಕೇಳಿದ. ಐದು ವರ್ಷ ಬಲವಂತದ ದುಡಿಮೆ ಅಂತ ತೀರ್ಪಾಯ್ತು, ಉತ್ತರದ ಆರ್ಖಾಂಗೆಲ್‌ಸ್ಕ್ ಸೀಮೆಯ ಹಳ್ಳಿಗೆ ಅಟ್ಟಿದರು. ಹೊರಗಿನಿಂದಲೂ ಒಳಗಿನಿಂದಲೂ ಕೂಗೆದ್ದು ಒಂದೂವರೆ ವರ್ಷಕ್ಕೆ ಬಿಟ್ಟರು, 1972ರಲ್ಲಿ ದೇಶದಿಂದಲೇ ಹೊರಹಾಕಿದರು. 1987ರಲ್ಲಿ ಅವನಿಗೆ ನೊಬೆಲ್ ಬಂತು. ನೊಬೆಲ್ ಬರದೇ ಇದ್ದಿದ್ದರೂ ಅವನನ್ನ ಹುಳ ಅಂದದ್ದು ತಪ್ಪೇ, ಅದು ಬೇರೆ ಮಾತು. ನಿನ್ನ ರೂಮ್‌ಮೇಟ್ ಬ್ರಾಡ್‌ಸ್ಕಿ ಅಂತ ನಾನು ಹೇಳ್ತಿಲ್ಲ. ಪದ್ಯ ಬರೆಯೋ ಲಕ್ಷಣ ಅವನಲ್ಲಿ ಇದ್ದ ಹಾಗಿಲ್ಲ.

ಅವನ ವಿಷಯಕ್ಕೆ ಬರೋಣ. ನೀನು ನನಗೆ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದ್ದೀಯಾ? ಇಲ್ಲ. ಮೂರು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೊಳೆ ಪಾತ್ರೆಯ ಫೋಟೋ ಹಾಕಿ ಕೆಳಗೆ ಒಂದು ಮುಖ ಒತ್ತಿದ್ದೀಯ. ಅದು ಹೇಳಿದ ಹಾಗಾಗಲ್ಲ. ಭಾನುವಾರ ಕಾಫಿ ಮಾಡಿ ಎದುರಿಗೆ ಕೂರಿಸ್ಕೊಂಡು ಬಾಯಿಬಿಟ್ಟು ಹೇಳು. ‘ಎಲ್ಲರೂ ಎಲ್ಲಾನೂ ಮಾಡಬೇಕು’ ಅಂತ ಮಾತ್ರ ಅನ್ನಬೇಡ. ಹಾಗಂದರೆ ಯಾರೂ ಏನೂ ಮಾಡಲ್ಲ, ನಾನು ಕಾಲೇಜಿನ ಎಷ್ಟೋ ಸಮಿತಿಗಳಲ್ಲಿ ಕೂತು ನೋಡಿದ್ದೀನಿ. ಸಿಲಿಂಡರ್ ನಿನ್ನದು, ಹಾಲು ನನ್ನದು, ಕಸ ಅವನದು ಅಂತ ಹೆಸರು ಹಿಡಿದು ಹಂಚು. ಸಿಲಿಂಡರ್ ಖಾಲಿಯಾದ ದಿನ ನೀನು ಹೋಗಿ ಬುಕ್ ಮಾಡಬೇಡ, ಹೊಟ್ಟೆ ಚುರುಗುಟ್ಟಲಿ, ಅವಲಕ್ಕಿ ಮೊಸರು ತಿನ್ನಿ. ಆಮೇಲೂ ಅಲ್ಲಾಡದಿದ್ದರೆ ಬೇರೆ ರೂಮು ನೋಡ್ಕೋ ಮಾರಾಯ ಅಂತ ನೇರ ಹೇಳು. ಹೆಸರಿಡೋದೇನೂ ಬೇಕಾಗಿಲ್ಲ.

ಒಂದು ವಿಷಯ ವಿಚಾರಿಸು. ನಿಮ್ಮ ಮೂವರ ಮನೆಯಲ್ಲಿ ನಲ್ಲಿ ಸೋರಿದರೆ ಪ್ಲಂಬರ್‌ಗೆ ಫೋನ್ ಮಾಡೋದು ಯಾರು? ಮಾಲೀಕರ ಹತ್ತಿರ ಬಾಡಿಗೆ ಏರಿಸಬೇಡಿ ಅಂತ ಮಾತಾಡಿದ್ದು ಯಾರು? ಆ ಇನ್ನೊಬ್ಬ ಹುಡುಗನ ಅಪ್ಪ ಆಸ್ಪತ್ರೆ ಸೇರಿದಾಗ ರಾತ್ರಿಯೆಲ್ಲ ಜೊತೆಗಿದ್ದದ್ದು ಯಾರು? ನೀನೇ ಯಾವಾಗಲೋ ಹೇಳಿದ ನೆನಪು, ಕುಕ್ಕರ್ ತೊಳೆಯದ ಅವನೇ ಅಂತ. ಕುಕ್ಕರ್ ತೊಳೆಯದೇ ಇರೋದಕ್ಕೆ ಇದು ರಜೆ ಚೀಟಿ ಅಲ್ಲ. ಆದರೆ ಲೆಕ್ಕ ಬರೆಯೋಕೆ ಕೂತ ಮೇಲೆ ಪೂರ್ತಿ ಬರೀಬೇಕು, ನಿನಗೆ ಬೇಕಾದ ಸಾಲಿನಲ್ಲಿ ಮಡಚಬಾರದು.

ಸರಿ, ಎದ್ದೇಳು, ನಿನಗೂ ಬಸ್ಸಿಗೆ ಹೊತ್ತಾಯ್ತು. ನಿಮ್ಮಜ್ಜಿ ಒಳಗಿಂದ ಕೇಳ್ತಿದ್ದಾಳೆ, ಹೋದ ಹಬ್ಬಕ್ಕೆ ಚಟ್ನಿಪುಡಿ, ಹುಳಿಪುಡಿ, ಕೋಡುಬಳೆ ತುಂಬಿ ಕಳಿಸಿದ ಸ್ಟೀಲ್ ಡಬ್ಬಿಗಳೆಲ್ಲ ಎಲ್ಲಿಗೆ ಹೋದವು ಅಂತ. ಅವಳ ಮದುವೆಯಲ್ಲಿ ಕೊಟ್ಟ ಡಬ್ಬಿಗಳಂತೆ, ತಳದಲ್ಲಿ ಹೆಸರು ಕೆತ್ತಿದೆಯಂತೆ. ಮುಂದಿನ ಸಲ ತಗೊಂಡು ಬಾ, ಮುಚ್ಚಳ ಸಮೇತ.